ಓಂಕಾರಪ್ಪನ ಕುತ್ತಿಗೆ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದ ಓಂಕಾರಪ್ಪನಿಗೆ ಕುಸ್ತಿಯಲ್ಲಿ ಎದುರಾಳಿಯ ಕಾಲಿಗೆ ಮಿಂಚಿನಂತೆ ನುಗ್ಗುವುದು ಎಷ್ಟು ಸಲೀಸೋ, ಅನುಮಾನ ಪಡುವುದೂ ಅಷ್ಟೇ ಸಲೀಸು. ಚಹಾ ಕೊಟ್ಟವನು ನಕ್ಕರೆ ಲೋಟದೊಳಗೆ ಇಣುಕಿ ನೋಡುವ ಆಸಾಮಿ.

ಅಂಥವನು ನಂಬಿದ್ದು ಒಬ್ಬನನ್ನೇ, ಲಿಂಗಪ್ಪನನ್ನು. ಅವನೂ ಹಮಾಲಿ. ಮಣ್ಣಿನ ಕುಸ್ತಿ ಬಿಟ್ಟು ಮ್ಯಾಟಿನ ಮೇಲೆ ಫ್ರೀಸ್ಟೈಲ್ ಕಲಿತದ್ದು ಇಬ್ಬರೂ ಜೊತೆಯಾಗಿಯೇ. ೨೦೦೬ರಲ್ಲಿ ಜಿಲ್ಲಾ ತಂಡದ ಆಯ್ಕೆ ಬಂತು. ಓಂಕಾರಪ್ಪನ ತೂಕಕ್ಕೆ ಇದ್ದದ್ದು ಒಂದೇ ಜಾಗ, ಎದುರಿಗೆ ಬಾಳೂರಿನ ಮಲ್ಲೇಶ್. ಮೂವತ್ತು ದಾಟಿದ ಓಂಕಾರಪ್ಪನಿಗೆ ಇದೇ ಕೊನೆಯ ಅವಕಾಶ.

ಅದೇ ವಾರ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಲಿಂಗಪ್ಪ ಮಲ್ಲೇಶನೊಂದಿಗೆ ಪಿಸುಮಾತಾಡುತ್ತಿದ್ದುದು ಕಣ್ಣಿಗೆ ಬಿತ್ತು. ಇವನನ್ನು ಕಂಡದ್ದೇ ಲಿಂಗಪ್ಪ ಹಣ್ಣಿನಂಗಡಿಯ ಹಿಂದೆ ಸರಿದ. ಓಂಕಾರಪ್ಪನ ತಲೆಯೊಳಗೆ ಹುಳ ಹೊಕ್ಕಿತು.

ಮರುದಿನ ಗರಡಿಯಲ್ಲಿ ಲಿಂಗಪ್ಪ ಹೇಳಿದ, "ನುಗ್ಗೋ ಮುಂಚೆ ಕುತ್ತಿಗೆ ಬಲಕ್ಕೆ ವಾಲಿಸ್ತೀಯ ಮಾರಾಯ. ನೆಟ್ಟಗಿಟ್ಕೋ."

ಇಷ್ಟು ವರ್ಷ ಹೇಳದವನು ಇವತ್ತೇ ಹೇಳಬೇಕೆ? ಕುತ್ತಿಗೆ ನೆಟ್ಟಗಾದರೆ ಎದೆ ಮೇಲೇಳುತ್ತದೆ, ಆಗ ಮಲ್ಲೇಶನಿಗೆ ನನ್ನ ಕಾಲು ಸಿಗುತ್ತದೆ. ಓಹೋ, ಇದು ಬಾಳೂರಿನ ಪಾಠ ಎಂದುಕೊಂಡ ಓಂಕಾರಪ್ಪ.

ಆಯ್ಕೆಯ ದಿನ ಮೊದಲ ಸುತ್ತಿನಲ್ಲಿ ಮಲ್ಲೇಶನನ್ನು ಗೆರೆಯಾಚೆ ತಳ್ಳಿ ಗೆದ್ದ. ಎರಡನೆಯದರಲ್ಲಿ ಕಾಲಿಗೆ ನುಗ್ಗಿದಾಗಲೆಲ್ಲ ಮಲ್ಲೇಶ್ ಎರಡೂ ಕಾಲು ಹಿಂದಕ್ಕೆಸೆದು, ಎದೆಯ ಭಾರವನ್ನೆಲ್ಲ ಇವನ ಬೆನ್ನಿಗೆ ಹಾಕಿ, ಸುತ್ತಿ ಹಿಂದೆ ಬಂದು ಕೂತ. ಸುತ್ತು ಅವನ ಪಾಲಾಯಿತು.

ಬಿಡುವಿನಲ್ಲಿ ಟವೆಲ್ ಬೀಸುತ್ತ ಲಿಂಗಪ್ಪ ಗೋಗರೆದ, "ಕುತ್ತಿಗೆ ಕಣೋ, ಕುತ್ತಿಗೆ."

"ಯಾರ ಕಡೆಯವನು ನೀನು?" ಎಂದು ಕೇಳಿ ಓಂಕಾರಪ್ಪ ಎದ್ದುಹೋದ. ಕೊನೆಯ ಸುತ್ತಿನಲ್ಲೂ ಹಟಕ್ಕೆ ಬಿದ್ದು ಎಂದಿನಂತೆಯೇ ನುಗ್ಗಿದ. ಜಾಗ ಮಲ್ಲೇಶನಿಗೆ ಹೋಯಿತು.

ಸೋಮವಾರ ಕ್ಯೂರಿಂಗ್‌ನಲ್ಲಿ ಹಮಾಲಿಗಳು ಸಾಲಾಗಿ ನಿಂತಿದ್ದರು. ಎಡಹೆಗಲಿಗೆ ಮೂಟೆ ಬೀಳುವ ಮುಂಚೆ ಒಬ್ಬೊಬ್ಬನ ಕುತ್ತಿಗೆಯೂ ತಾನಾಗಿ ಬಲಕ್ಕೆ ವಾಲಿ ಜಾಗ ಬಿಡುತ್ತಿತ್ತು. ತನ್ನ ಸರದಿ ಬಂದಾಗ ಓಂಕಾರಪ್ಪನ ಕುತ್ತಿಗೆಯೂ ವಾಲಿತು. ಮೂಟೆ ಇಳಿಸಿದವನೇ ಲಿಂಗಪ್ಪನ ಬಳಿ ಹೋದ.

"ನಿಂಗೆ ಮುಂಚೆ ಯಾಕೆ ಕಾಣಲಿಲ್ಲ?"

"ನಾನೂ ಮೂಟೆ ಹೊರೋನೇ ಅಲ್ವಾ? ನಂದೂ ವಾಲುತ್ತೆ. ಮಲ್ಲೇಶ ಎಸ್ಟೇಟಲ್ಲಿ ಲಾರಿ ಲೋಡು ಮಾಡಿಸೋನು, ಹಮಾಲಿಗಳ ಕುತ್ತಿಗೆ ದಿನಾ ನೋಡ್ತಾನೆ. ವಾಲಿದ ಕೂಡ್ಲೇ ನೀನು ನುಗ್ತೀಯ ಅಂತ ಬಾಯಿ ತಪ್ಪಿ ಹೇಳಿದ, ನಿಂಗೆ ದಾಟಿಸಿದೆ."

"ಅವನ ಹತ್ರ ನಿಂಗೇನು ಕೆಲಸ?"

ಲಿಂಗಪ್ಪ ನೆಲ ನೋಡಿದ. "ಅವನ ತಂಗಿ ಸುಪ್ರಿಯಾನ ಕೇಳೋಕೆ ಹೋಗಿದ್ದೆ. ಇನ್ನೂ ಒಪ್ಪಿರಲಿಲ್ಲ. ನಿಂಗೆ ಹೇಳಿದ್ರೆ ಹುಡುಗಿ ಮೇಲೂ ಅನುಮಾನ ಪಡ್ತಿದ್ದೆ."

ಮದುವೆಗೆ ಓಂಕಾರಪ್ಪ ಬಾಳೂರಿಗೆ ಹೋದ. ಗಂಡಿನ ಕಡೆಯವರಿಗೆ ಕಾಲು ತೊಳೆಯಲು ನೀರು ಕೊಡುತ್ತಿದ್ದ ಮಲ್ಲೇಶ್ ಚೊಂಬು ಹಿಡಿದು ಬಗ್ಗಿದ್ದೇ ತಡ, ಓಂಕಾರಪ್ಪ ಕಾಲನ್ನು ಸರ್ರನೆ ಹಿಂದಕ್ಕೆಳೆದುಕೊಂಡ.

"ಹೆದರ್ಬೇಡಿ ಅಣ್ಣ, ಬರೀ ನೀರು," ಅಂದ ಮಲ್ಲೇಶ್.

ಓಂಕಾರಪ್ಪ ಚೊಂಬಿನೊಳಗೆ ಇಣುಕಿ ನೋಡಿದ. ಆಮೇಲೆ ಕಾಲು ಮುಂದಿಟ್ಟ.