ಕಿಲ್ಟಿನ ಬಟ್ಟೆ ಕೌದಿಗೆ ಹೋದದ್ದು

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಆದರೂ ಹೊಲಿಗೆ ಮಾಡಿ ಬದುಕುವ ನನಗೆ ಬಟ್ಟೆಯ ಲೆಕ್ಕದಲ್ಲಿ ಯಾರೂ ಮೋಸ ಮಾಡಲಾರರು. ಮೋಸ ಮಾಡಿದ್ದು ನಾನೇ, ಅದೂ ಒಡಹುಟ್ಟಿದ ತಮ್ಮನಿಗೆ. ಇವತ್ತಿನವರೆಗೂ ಅವನಿಗೆ ಹೇಳಿಲ್ಲ.

ನನ್ನ ತಮ್ಮ ರೋಜಾ ಬಡಾವಣೆಯ ಒಂದು ಮದುವೆ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುತ್ತಾನೆ. ಬಗಲಲ್ಲಿ ಚೀಲ ಒತ್ತಿಕೊಂಡು ಊದುವ ಆ ವಾದ್ಯದವರು ಸ್ಕಾಟ್ಲೆಂಡಿನ ಗಂಡಸರಂತೆ ಮೊಣಕಾಲವರೆಗಿನ ಕಿಲ್ಟ್ ಉಡಬೇಕು. ಅವನು ಸೇರಿದ ಹೊಸದರಲ್ಲಿ ಬ್ಯಾಂಡ್ ಮಾಸ್ತರರು ಏಳು ಮೀಟರ್ ಕೆಂಪು ಹಸಿರು ಚೌಕಡಿಯ ಉಣ್ಣೆ ಬಟ್ಟೆಯನ್ನೂ ಮಾದರಿಗೆ ಒಂದು ಹಳೆಯ ಕಿಲ್ಟನ್ನೂ ಕೊಟ್ಟು ಕಳಿಸಿದರು.

ಬ್ರಹ್ಮಪುರದ ನಮ್ಮ ಮನೆಯಲ್ಲಿ ಬಟ್ಟೆ ಹರಡಿದಾಗ ನನಗೆ ನಗು ತಡೆಯಲಿಲ್ಲ.

"ನಿನ್ನ ಸೊಂಟಕ್ಕ ಏಳು ಮೀಟರ್ ಏನೋ? ಇದರಾಗ ಆನಿಗಿ ಪರಕರ ಹೊಲೀಬಹುದು."

"ಪರಕರ ಅಲ್ಲಕ್ಕಾ, ಕಿಲ್ಟ್."

"ಲಾಡಿ ಹಾಕಿದ್ರ ಪರಕರನ ಅದು."

"ಲಾಡಿ ಇಲ್ಲ, ಬಕಲ್ ಅದ. ಮೊದಲ ನೋಡು ನೀ."

ನೋಡಿದೆ. ಮುಂದೆ ಸಪಾಟು, ಹಿಂದೆ ಪೂರ್ತಿ ನಿರಿಗೆ. ಎಣಿಸಿದೆ, ಇಪ್ಪತ್ತನಾಲ್ಕು. ಒಂದೊಂದು ನಿರಿಗೆಯ ಒಳಗೆ ಗೇಣು ಬಟ್ಟೆ ಮಡಿಚಿ ಅಡಗಿಸಿದ್ದರು. ಕಾಣದ ಜಾಗಕ್ಕೆ ಅಷ್ಟು ಒಳ್ಳೆಯ ಉಣ್ಣೆ ಸುರಿಯುವುದು ನನಗೆ ಶುದ್ಧ ಸೊಕ್ಕು ಅನಿಸಿತು. ಮಷಿನ್ ಮುಂದೆ ಕೂತವರಿಗೆಲ್ಲ ಒಂದು ರೋಗವಿದೆ: ಉಳಿದ ಬಟ್ಟೆ ಮನೆಯಿಂದ ಹೊರಗೆ ಹೋಗಬಾರದು. ಆಗ ನಾನು ಹೊದೆಯಲು ನನಗೊಂದು ಕೌದಿ ಹೊಲಿಯುತ್ತಿದ್ದೆ. ಅದರ ನಡುವಿಗೆ ಬೆಚ್ಚಗಿನ ಬಟ್ಟೆ ಬೇಕಿತ್ತು.

ನಿರಿಗೆ ಇಪ್ಪತ್ತನಾಲ್ಕೇ ಇಟ್ಟೆ, ಆದರೆ ಒಳಗಿನ ಮಡಿಕೆ ಎರಡು ಬೆರಳಿಗೆ ಇಳಿಸಿದೆ. ಮೂರು ಮೀಟರ್ ಉಳಿದು ನನ್ನ ಕೌದಿಗೆ ಹೋಯಿತು. ಬಟ್ಟೆ ಕಡಿಮೆಯಾದ್ದರಿಂದ ನಿರಿಗೆಗಳು ಬಾಯಿ ಬಿಟ್ಟವು. ಅವು ಬಿಚ್ಚದಂತೆ ತೊಡೆಯವರೆಗೂ ಹೊಲಿಗೆ ಹಾಕಿ ಮುಚ್ಚಿದೆ. ಕನ್ನಡಿ ಮುಂದೆ ನಿಂತ ತಮ್ಮ ಬಹಳ ಚೆಂದ ಕಂಡ. ಇಬ್ಬರಿಗೂ ಹೊಳೆಯದೆ ಹೋದದ್ದೆಂದರೆ, ಅವನು ನಿಂತೇ ಇದ್ದ, ನಡೆದಿರಲಿಲ್ಲ.

ಮೊದಲ ಮೆರವಣಿಗೆ ಕಮಲಾಪುರದಲ್ಲಿ, ಬೆಳಿಗ್ಗೆ. ನೋಡಲೆಂದು ನಾನೂ ಬಸ್ಸಿಗೆ ಹೋಗಿದ್ದೆ. ಬ್ಯಾಂಡಿನವರು ದೊಡ್ಡ ಹೆಜ್ಜೆ ಇಟ್ಟು ಹೊರಟರು. ಮುಂದಿನ ಸಾಲಿನಲ್ಲಿದ್ದ ನನ್ನ ತಮ್ಮ ತೊಡೆ ಕಟ್ಟಿದವನಂತೆ ಪುಟುಪುಟು ಸಣ್ಣ ಹೆಜ್ಜೆ ಇಡುತ್ತ ಹಿಂದುಳಿದ. ಹಿಂದಿನವನ ಡೋಲು ಬಂದು ಅವನ ಬೆನ್ನಿಗೆ ಬಡಿಯಿತು. ಬಾಳೆಹಣ್ಣು ಮಾರುವ ಹೆಂಗಸರು ಬುಟ್ಟಿ ಬಿಟ್ಟು ಎದ್ದು ನಿಂತು ನಕ್ಕರು. ಹೇಳಲು ನಾಚಿಕೆ, ನಾನೂ ನಕ್ಕೆ.

ಮೆರವಣಿಗೆ ಮುಗಿದ ಮೇಲೆ ಮಾಸ್ತರರು ಕೇಳಿದರು, "ಅರೆ ಭಾಯ್, ಬ್ಯಾಂಡಿಗಿ ಬಂದೀಯೋ, ಮದಲಗಿತ್ತಿ ಆಗಿ ಬಂದೀಯೋ? ಎಂಟು ದಿನ ಟೈಮ್ ಕೊಡ್ತೀನಿ. ನಡಿಗಿ ಸುಧಾರಿಸಲಿಲ್ಲಂದ್ರ ಪೈಪ್ ಕೆಳಗಿಟ್ಟು ಮನಿಗಿ ಹೋಗು."

ಎರಡು ವರ್ಷ ಕಲಿತ ವಾದ್ಯ. ತಮ್ಮ ಬಸ್ಸಿನಲ್ಲಿ ಪೈಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಮನೆಗೆ ಬಂದ ಮೇಲೆ ಕೇಳಿದ, "ಅಕ್ಕಾ, ನನ್ನ ನಡಿಗೀನ ಸರಿ ಇಲ್ಲೇನ?"

"ಸಣ್ಣಾವ ಇದ್ದಾಗಿಂದ ಹಂಗ ಅದ" ಅಂದುಬಿಟ್ಟೆ. ಬಟ್ಟೆ ಕದ್ದದ್ದಕ್ಕಿಂತ ಈ ಮಾತೇ ನನ್ನನ್ನು ಹೆಚ್ಚು ಚುಚ್ಚುತ್ತದೆ.

ಮರುದಿನದಿಂದ ಅವನು ಓಣಿಯಲ್ಲಿ ಪ್ಯಾಂಟ್ ಹಾಕಿಕೊಂಡು ಎಡ, ಬಲ ಎಂದು ನಡೆಯತೊಡಗಿದ. ಪ್ಯಾಂಟಿನಲ್ಲಿ ಹೆಜ್ಜೆ ಸರಿಯಾಗಿಯೇ ಬೀಳುತ್ತಿತ್ತು. ಅವನು ಅದನ್ನು ಅಭ್ಯಾಸದ ಫಲ ಎಂದುಕೊಂಡ. ಅವನ ಬೆವರು ನೋಡಲಾಗದೆ, ಇಸ್ತ್ರಿ ಮಾಡುತ್ತೇನೆಂದು ಕಿಲ್ಟ್ ಇಸಿದುಕೊಂಡು ಬಾಗಿಲು ಹಾಕಿದೆ. ಕೌದಿಗೆ ಕತ್ತರಿಸಿ ಹಚ್ಚಿದ್ದ ಉಣ್ಣೆಯ ತುಂಡುಗಳನ್ನೆಲ್ಲ ಬಿಚ್ಚಿ, ಪಟ್ಟಿಯಾಗಿ ಜೋಡಿಸಿ, ನಿರಿಗೆಯ ಒಳಗೆ ಸೇರಿಸಿ, ತೊಡೆಯ ಹೊಲಿಗೆ ತೆಗೆದೆ. ಎರಡು ಹಗಲು ಹಿಡಿಯಿತು. ಒಳಗೆ ಜೋಡಣೆಯ ಗಂಟುಗಳೇ ಗಂಟು. ಹೊರಗಿನಿಂದ ಕಾಣಲಿಲ್ಲ.

ಮುಂದಿನ ಮದುವೆಯಲ್ಲಿ ಅವನು ಹೆಜ್ಜೆ ಚಾಚಿ ನಡೆದ. ಕಿಲ್ಟಿನ ಹಿಂಭಾಗ ಎಡಕ್ಕೂ ಬಲಕ್ಕೂ ತೂಗಾಡಿತು.

"ಶಾಬಾಸ್. ಎಂಟು ದಿನದಾಗ ನಡಿಗಿ ಕಲ್ತಾನ ನೋಡ್ರಿ" ಎಂದು ಮಾಸ್ತರರು ಎಲ್ಲರ ಮುಂದೆ ಹೊಗಳಿದರು. ತಮ್ಮನ ಮುಖ ಅರಳಿತ್ತು. ಆ ಮುಖಕ್ಕೆ ನಾನು ಏನು ಹೇಳಲಿ?

ಈಗ ಬ್ಯಾಂಡಿಗೆ ಹೊಸಬರು ಸೇರಿದರೆ ಮಾಸ್ತರರು ಮೊದಲು ನಮ್ಮ ಓಣಿಗೆ ಕಳಿಸುತ್ತಾರೆ. ಮೀಸೆ ಹೊತ್ತ ಗಂಡಸರನ್ನು ಸಾಲಾಗಿ ನಿಲ್ಲಿಸಿ ತಮ್ಮ ನಡೆಸುತ್ತಾನೆ.

"ಎಷ್ಟು ದಿನ ಮಾಡಬೇಕ್ರಿ ಇದು?" ಎಂದು ಕಳೆದ ವಾರ ಒಬ್ಬರು ಮೊಣಕಾಲು ತಿಕ್ಕಿಕೊಳ್ಳುತ್ತ ಕೇಳಿದರು.

"ಎಂಟು ದಿನ. ನನಗೂ ಎಂಟ ದಿನ ಹಿಡೀತು."

ನಾನು ಒಳಗೆ ಹೋಗಿ ಅವರ ಚಹಾಕ್ಕೆ ಒಂದೊಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.