ಮುದ್ದೆಯೊಳಗೆ ಹೋದ ಮಾತ್ರೆ

‘ಆಗಲ್ಲ’ ಅಂದವಳು ನಮ್ಮ ದೊಡ್ಡಮ್ಮ.

ಅದೂ ಎರಡು ಸಲ. ಮೊದಲನೆಯದು, ನಾನು ಪಿಯುಸಿ ಮುಗಿಸಿ ಡಿಗ್ರಿಗೆ ಸೇರುತ್ತೇನೆ ಎಂದಾಗ. ‘ನಮ್ಮ ವಂಸದಲ್ಲಿ ಕಾಲೇಜ್ ಕಂಡೋರು ಯಾರವ್ರೆ? ಆಗೋ ಮಾತಾ?’ ಎರಡನೆಯದು, ತನ್ನ ಸ್ವಂತ ಮಗನ ವಿಷಯದಲ್ಲಿ. ‘ಇವ್ನು ಮಾತ್ರೆ ಬುಡೋದೂ ಒಂದೇ, ನಮ್ಮ ಕೋಣ ಈಯೋದೂ ಒಂದೇ.’

(ಮೊದಲನೆಯದಕ್ಕೆ ಉತ್ತರ ಈಗ ಫ್ರೇಮ್ ಹಾಕಿಸಿಕೊಂಡು ಟಿ.ವಿ. ಮೇಲೆ ನೇತಾಡುತ್ತಿದೆ. ಆಯುಧಪೂಜೆಯ ದಿನ ಕುಡುಗೋಲು, ಮೊಪೆಡ್ ಜೊತೆ ನನ್ನ ಡಿಗ್ರಿ ಸರ್ಟಿಫಿಕೇಟಿಗೂ ಕುಂಕುಮ. ಇಡುವವರು ಯಾರು ಅಂದುಕೊಂಡಿರಿ? ಅದೇ ದೊಡ್ಡಮ್ಮ.)

ಎರಡನೆಯದರ ಕಥೆ ಹೇಳುತ್ತೇನೆ.

ಸ್ವಾಮಣ್ಣ ನನ್ನ ದೊಡ್ಡಪ್ಪನ ಮಗ. ಕನಕಪುರದಾಚೆ ನಮ್ಮೂರು. ಒಂದೇ ಮನೆ, ಒಂದೇ ಒಲೆ. ನನಗೆ ಕಾಲೇಜಿನ ಬಸ್ ತಪ್ಪಿದ ದಿನ ಮೊಪೆಡ್ ಹಿಂದೆ ಕೂರಿಸಿಕೊಂಡು ಬಸ್ಸನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದವನು ಅವನು. ಮೊದಲು ಕಲ್ಲು ಕ್ವಾರಿಯಲ್ಲಿದ್ದ. ಆಮೇಲೆ ಹಾರೋಹಳ್ಳಿಯ ಫ್ಯಾಕ್ಟರಿಗೆ ಸೇರಿದ. ಕೆಲಸ ಬದಲಾಯಿತು, ಕ್ವಾರಿಯಲ್ಲಿ ಹಿಡಿದ ಸೊಂಟನೋವು ಬದಲಾಗಲಿಲ್ಲ.

ಯಾರೋ ಒಂದು ಮಾತ್ರೆ ಕೊಟ್ಟರು. ಮೊದಲು ನೋವಿಗೆಂದು ನುಂಗಿದ. ಆಮೇಲೆ ಡ್ಯೂಟಿಗೆ ಹೋಗಲು ನುಂಗಿದ. ಕೊನೆಗೆ ಹಾಸಿಗೆಯಿಂದ ಎದ್ದು ಕೂರಲೂ ಅದೇ ಬೇಕಾಯಿತು. ಫ್ಯಾಕ್ಟರಿಯವರು ಕೆಲಸದಿಂದ ತೆಗೆಯಲಿಲ್ಲ. ‘ವಾಸಿ ಮಾಡಿಕೊಂಡು ಫಿಟ್‌ನೆಸ್ ಸರ್ಟಿಫಿಕೇಟ್ ತಗೊಂಡು ಬಾ’ ಎಂದು ಮನೆಗೆ ಕಳಿಸಿದರು.

ರಾಮನಗರದ ಆಸ್ಪತ್ರೆಯಲ್ಲಿ ಈ ಚಟ ಬಿಡಿಸಲು ಇನ್ನೊಂದು ಮಾತ್ರೆ ಕೊಟ್ಟರು. ಅದನ್ನು ನುಂಗುವಂತಿಲ್ಲ. ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ದಿನಾ ಬಸ್ಸಿಳಿದು, ನರ್ಸ್ ಎದುರಿಗೆ ಕೂತು, ಕಹಿಗೆ ಮುಖ ಕಿವುಚಿಕೊಂಡು ಕರಗಿಸಿ ಬರುತ್ತಿದ್ದ. ಬರಬರುತ್ತಾ ಮುಖಕ್ಕೆ ಕಳೆ ಬಂತು. ಕಟ್ಟೆಯ ಮೇಲೆ ಕೂತವರೊಡನೆ ನಗಲು ಶುರು ಮಾಡಿದ.

ಆಗ ಹೊಸ ಆಸೆ ಹುಟ್ಟಿತು. ಇದನ್ನೂ ಬಿಡಬೇಕು!

‘ಅವಸರ ಏನಿದೆ? ವರ್ಷಗಟ್ಟಲೆ ತಗೊಳ್ಳೋರೂ ಇದ್ದಾರೆ. ಅದೇನು ಸೋಲಲ್ಲ,’ ಎಂದರು ಡಾಕ್ಟರ್ ಮೇಡಂ. ಬಿ.ಪಿ. ಮಾತ್ರೆ ತಿನ್ನುವವರನ್ನು ಯಾರಾದರೂ ‘ಯಾವಾಗ ಬಿಡ್ತೀಯಾ?’ ಎಂದು ಕೇಳುತ್ತಾರಾ? ಸ್ವಾಮಣ್ಣನನ್ನು ಮಾತ್ರ ಊರೆಲ್ಲ ಕೇಳುತ್ತಿತ್ತು. ಅವನು ಹಟ ಹಿಡಿದ. ಸರಿ, ನಿಧಾನವಾಗಿ ಇಳಿಸೋಣ ಎಂದು ಡೋಸ್ ಒಂದಿಷ್ಟು ಕಡಿಮೆ ಮಾಡಿದರು. ಮಾತ್ರೆಯನ್ನು ಮನೆಗೇ ಕೊಟ್ಟು, ‘ಮನೆಯವರ ಕೈಯಲ್ಲಿರಲಿ’ ಎಂದರು.

ನಮ್ಮಲ್ಲಿ ಮನೆಯವರು ಎಂದರೆ ಒಬ್ಬಳೇ. ದೊಡ್ಡಮ್ಮ.

ಡೋಸ್ ಇಳಿಸಿದ ಮೇಲೆ ಒಂದು ಭಾನುವಾರ ನಾನು ಕೆಲಸದೂರಿನಿಂದ ಮನೆಗೆ ಹೋದಾಗ ಸುಡು ಬಿಸಿಲು. ಸ್ವಾಮಣ್ಣ ಕಂಬಳಿ ಹೊದ್ದು ಕೂತಿದ್ದ. ಆಕಳಿಕೆಯ ಮೇಲೆ ಆಕಳಿಕೆ. ಮೂಗು, ಕಣ್ಣು ಸುರಿಯುತ್ತಿದ್ದವು. ತೋಳಿನ ತುಂಬ ಮುಳ್ಳು ಎದ್ದಿತ್ತು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ.

‘ಕಾಲೊಳಗೆ ಇರುವೆ ಗೂಡು ಕಟ್ದಂಗೈತೆ ಕಣವ್ವಾ,’ ಅಂದ. ‘ಆ ಹಳೇ ಮಾತ್ರೆ ಒಂದೇ ಒಂದ್ ತಂದ್ಕೊಟ್ಬುಡು. ಇನ್ನ್ಯಾವತ್ತೂ ಕೇಳಾಕಿಲ್ಲ.’

ಒಳಗಿನಿಂದ ದೊಡ್ಡಮ್ಮ. ‘ನಾ ಏಳ್ನಿಲ್ವಾ? ಇವ್ನ್ ಕೈಲಿ ಆಗಾಕಿಲ್ಲ.’

ಗೊತ್ತಿರಲಿ, ಆ ‘ಒಂದೇ ಒಂದು’ ಅನ್ನುವುದೇ ಎಲ್ಲಕ್ಕಿಂತ ಅಪಾಯ. ಮೈಗೆ ಅಭ್ಯಾಸ ತಪ್ಪಿದ ಮೇಲೆ ಹಳೆಯ ಲೆಕ್ಕದಲ್ಲಿ ನುಂಗಿದರೆ ಉಸಿರೇ ನಿಲ್ಲಬಹುದು ಎಂದು ಡಾಕ್ಟರ್ ಮೊದಲೇ ಎಚ್ಚರಿಸಿದ್ದರು. ಮರುದಿನ ಬೆಳಿಗ್ಗೆ ಮೂವರೂ ರಾಮನಗರದ ಬಸ್ ಹತ್ತಿದೆವು.

ಡಾಕ್ಟರ್ ಎಲ್ಲವನ್ನೂ ಕೇಳಿದರು. ಇಷ್ಟು ಕಡಿಮೆ ಇಳಿಸಿದ್ದಕ್ಕೆ ಇಷ್ಟೊಂದು ಒದ್ದಾಟವೇ? ‘ಮಾತ್ರೆ ಹೇಗೆ ಕೊಡ್ತಿದ್ದೀರಮ್ಮಾ?’

‘ನಾನೇ ಕೈಯಾರೆ ಕೊಡ್ತಿವ್ನಿ ಮೇಡಮ್ಮಾರೆ. ಒಂದಿನಾನೂ ತಪ್ಸಿಲ್ಲ. ಬಲೇ ಕಹಿಯಂತೆ, ಅದ್ಕೆ ಒಂದ್ ತುತ್ತು ಮುದ್ದೆ ಒಳೀಕೆ ಇಟ್ಟು, ಬಸ್ಸಾರಲ್ಲಿ ಅದ್ದಿ ಕೊಟ್ಬುಡ್ತೀನಿ.’

ಡಾಕ್ಟರ್ ಪೆನ್ನು ಕೆಳಗಿಟ್ಟರು. ‘ಅದನ್ನ ಬಾಯಲ್ಲಿ ಇಟ್ಕೊಳ್ತಾರಾ? ಅಗೀತಾರಾ?’

ದೊಡ್ಡಮ್ಮನಿಗೆ ನಗು ತಡೆಯಲಿಲ್ಲ. ‘ಮುದ್ದೇನ ಯಾರಾದ್ರೂ ಅಗೀತಾರಾ ಮೇಡಮ್ಮಾರೆ?’

ಹೊಟ್ಟೆಗೆ ಇಳಿದರೆ ಆ ಮಾತ್ರೆ ಕೆಲಸ ಮಾಡುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆಯಂತೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಾದವನನ್ನು ಮುದ್ದೆ ಒಂದೇ ಏಟಿಗೆ ಅಟ್ಟದಿಂದ ಕೆಡವಿತ್ತು. ದೊಡ್ಡಮ್ಮನ ನಗು ಅಲ್ಲೇ ಆರಿಹೋಯಿತು.

‘ನೀನಾದ್ರೂ ಹೇಳಬಾರದಿತ್ತಾ ಅಣ್ಣಾ?’ ಎಂದೆ ಹೊರಗೆ ಬಂದು.

‘ಅವ್ವ ತುತ್ತು ಮಾಡಿ ಬಾಯ್ತಾವ ಇಡಿದ್ಳು. ಬ್ಯಾಡ ಅನ್ನಾಕೆ ಮನಸ್ ಬರ್ನಿಲ್ಲ.’

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಬೇರೆಯದೇ ನೆನಪಾಗುತ್ತಿತ್ತು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ದೊಡ್ಡಮ್ಮ ಒಲೆಯ ಮುಂದೆ ಕೂರಿಸಿಕೊಳ್ಳುತ್ತಿದ್ದಳು. ಗೋಲಿಯಷ್ಟು ಮುದ್ದೆ, ಒಳಗೆ ಕಹಿ ಮಾತ್ರೆ, ಮೇಲೆ ಸಾರು. ‘ಕಣ್ ಮುಚ್ಚು, ಗುಳುಕ್ ಅನ್ಸು.’ ಜ್ವರವೇ ಇಲ್ಲದ ಸ್ವಾಮಣ್ಣ, ಮೀಸೆ ಚಿಗುರುತ್ತಿದ್ದ ಹುಡುಗ, ಪಕ್ಕದಲ್ಲಿ ಬಾಯಿ ತೆರೆದು ಕೂರುತ್ತಿದ್ದ. ಅವನಿಗೂ ಒಂದು ತುತ್ತು. ಮಾತ್ರೆ ಇಲ್ಲದ್ದು. ಆ ರುಚಿ ಈಗ ಯಾವ ಹೋಟೆಲಿನ ಮುದ್ದೆಯಲ್ಲಿದೆ ಹೇಳಿ?

ಡಾಕ್ಟರ್ ಮತ್ತೆ ಹಳೆಯ ಡೋಸ್‌ಗೇ ಹತ್ತಿಸಿ, ಅವನು ಸುಧಾರಿಸಿಕೊಂಡ ಮೇಲೆ ಇನ್ನೂ ನಿಧಾನವಾಗಿ ಇಳಿಸಿದರು. ಸುಲಭವಾಗಿತ್ತೇ? ಇಲ್ಲ. ಇಳಿಸಿದಾಗಲೆಲ್ಲ ಆಕಳಿಕೆ, ಭೇದಿ, ಬಾರದ ನಿದ್ದೆ, ಯಾರ ಮೇಲೋ ಸಿಟ್ಟು. ಕಾಲಿಗೆ ಬಿಸಿನೀರು, ಹೊಟ್ಟೆಗೆ ಗಂಜಿ, ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಮಧ್ಯೆ ಒಮ್ಮೆ ತಡೆಯಲಾಗದೆ ಮತ್ತೆ ಒಂದು ಮೆಟ್ಟಿಲು ಮೇಲೆ ಹತ್ತಬೇಕಾಯಿತು. ಡಾಕ್ಟರ್ ಬೈಯಲಿಲ್ಲ. ಊರವರು ಬೈದರು. (ಊರವರು ಡಾಕ್ಟರ್ ಫೀಸು ಕೇಳುವುದಿಲ್ಲ, ಅದೊಂದೇ ಪುಣ್ಯ.)

ಮಾತ್ರೆ ಕರಗುವ ತನಕ ದೊಡ್ಡಮ್ಮ ಎದುರಿಗೇ ಕೂರುತ್ತಿದ್ದಳು. ಅವನು ಮಾತಾಡುವಂತಿಲ್ಲ, ಇವಳು ಸುಮ್ಮನಿರುವವಳಲ್ಲ. ಹಾಗೆ ಶುರುವಾಯಿತು ಹಳೆಯ ಕಥೆಗಳ ಸಂತೆ. ರೇಷ್ಮೆ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಾ ತಾನು ತೂಕಡಿಸಿ ಹುಳದ ತಟ್ಟೆಯ ಮೇಲೇ ಬಿದ್ದದ್ದು. ಮದುವೆ ಸೀರೆಯ ಸೆರಗನ್ನು ಎಮ್ಮೆ ಮೇಯ್ದದ್ದು. ನನ್ನಪ್ಪ ಸ್ಕೂಲಿಗೆ ಹೆದರಿ ರಾಗಿ ತುಂಬಿಡುವ ಮಣ್ಣಿನ ವಾಡೆಯೊಳಗೆ ಇಳಿದು ಕೂತದ್ದು. ಸ್ವಾಮಣ್ಣ ‘ಸುಳ್ಳು’ ಎಂದು ಕೈ ಆಡಿಸಿದರೆ, ‘ಮೊದ್ಲು ಮಾತ್ರೆ ಕರಗ್ಲಿ ಸುಮ್ಕಿರ್ಲಾ!’ ರಜೆಯ ದಿನ ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಸತ್ತುಹೋಗಿದ್ದ ಅಜ್ಜಿ, ಮಾರಿಹೋಗಿದ್ದ ಎತ್ತು, ಬಿದ್ದುಹೋಗಿದ್ದ ಹಳೇ ಮನೆ ಎಲ್ಲವೂ ಮಾತ್ರೆ ಕರಗುವಷ್ಟು ಹೊತ್ತು ಎದ್ದು ಬಂದು ಹೋಗುತ್ತಿದ್ದವು.

ಮಾತ್ರೆ ಪೂರ್ತಿ ನಿಂತು, ಅವನು ಗಟ್ಟಿಯಾಗಿದ್ದಾನೆ ಎಂದು ಖಾತ್ರಿಯಾದ ಮೇಲೆ, ಮೊನ್ನೆ ಡಾಕ್ಟರ್ ಫಿಟ್‌ನೆಸ್ ಸರ್ಟಿಫಿಕೇಟ್ ಕೊಟ್ಟರು. ಸ್ವಾಮಣ್ಣ ಅದನ್ನು ಮಡಿಸಲೂ ಇಲ್ಲ. ಬಸ್ಸಿನುದ್ದಕ್ಕೂ ಎರಡೂ ಕೈಯಲ್ಲಿ ಹಿಡಿದು ತಂದು ದೊಡ್ಡಮ್ಮನ ಕೈಗಿಟ್ಟ.

ಓದಲು ಬಾರದ ದೊಡ್ಡಮ್ಮ ಸೀಲಿನ ಮೇಲೆ ಬೆರಳಾಡಿಸಿದಳು. ಕಣ್ಣಿಗೊತ್ತಿಕೊಂಡಳು. ಮೆಲ್ಲಗೆ ನನ್ನ ಕಡೆ ಬಾಗಿದಳು.

‘ಇದ್ರಲ್ಲಿ ಮುದ್ದೆ ಇಸ್ಯ ಬರ್ದವ್ರೇನವ್ವಾ?’

‘ಇಲ್ಲ ದೊಡ್ಡಮ್ಮ.’

ಉಸಿರುಬಿಟ್ಟಳು. ಟಿ.ವಿ. ಮೇಲೆ ನನ್ನ ಸರ್ಟಿಫಿಕೇಟಿನ ಪಕ್ಕ ಇನ್ನೊಂದು ಮೊಳೆಗೆ ಜಾಗ ಇದೆಯಾ ಎಂದು ನೋಡಿದಳು. ಆಮೇಲೆ ಮಗನ ಮುಖ ನೋಡಿ ಅಂದಳು.

‘ಅಲ್ಲ ಕಣ್ಲಾ, ನೀನೇನೋ ಮಾತ್ರೆ ಬುಟ್ಬುಟ್ಟೆ. ಇನ್ಮ್ಯಾಕೆ ಬಾಯ್ ಮುಚ್ಕೊಂಡು ನನ್ ಮಾತು ಕೇಳೋರು ಯಾರ್ಲಾ?’