ಅಕ್ಕ ಮಾತಾಡಬೇಕಿದ್ದ ಮಧ್ಯಾಹ್ನ

ಇದನ್ನು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಮಗಳ ಮದುವೆ ಮುಗಿಯಲಿ ಎಂದುಕೊಂಡೆ, ಆಮೇಲೆ ಕಣ್ಣಿನ ಆಪರೇಷನ್ ಆಗಲಿ ಎಂದುಕೊಂಡೆ. ಈಗ ನೆಪಗಳೂ ಉಳಿದಿಲ್ಲ.

ಅಕ್ಕ ನಮ್ಮ ಕರಾವಳಿಯ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ತೂಕ ಕಡಿಮೆಯಿದ್ದ ಕೂಸುಗಳನ್ನು ಹಳೆಯ ಸೀರೆಯಿಂದ ತಾಯಿಯ ಎದೆಗೆ ಕಟ್ಟಿ ಬೆಚ್ಚಗಿಡುವ ಕ್ರಮವೊಂದನ್ನು ಮಾಡಿ ಮಾಡಿ ಹದಕ್ಕೆ ತಂದಿದ್ದಳು. ಅಲ್ಲಿನ ಡಾಕ್ಟರಮ್ಮ ಇದನ್ನು ಬರೆದು ಕಳಿಸಿ, ಸ್ವೀಡನ್ನಿನ ಒಂದು ಸಮ್ಮೇಳನದಲ್ಲಿ ಅಕ್ಕನಿಗೆ ಹದಿನೈದು ನಿಮಿಷ ಕೊಡಿಸಿದರು. ಅಕ್ಕ ಕನ್ನಡದಲ್ಲಿ ಹೇಳುವುದು, ಡಾಕ್ಟರಮ್ಮ ಇಂಗ್ಲಿಷಿಗೆ ತಿರುಗಿಸುವುದು. ಜೊತೆಗೆ ಒಬ್ಬರು ಬರಬಹುದು ಎಂದಿದ್ದರಿಂದ ನಾನು ಹೊರಟೆ. ಓದಿದ್ದು ಹೈಸ್ಕೂಲು, ಮಾಡಿದ್ದು ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಬುಕಿಂಗ್. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು.

ಹೋಟೆಲು ಸ್ಟಾಕ್‌ಹೋಮ್‌ನ ದೊಡ್ಡ ಸ್ಟೇಷನ್ನಿನ ಬದಿಯಲ್ಲಿ. ಸಮ್ಮೇಳನ ಮಾತ್ರ ಊರಿನ ದಕ್ಷಿಣಕ್ಕೆ, ಫ್ಲೆಮಿಂಗ್ಸ್‌ಬೆರ್ಯ್ ಎಂಬಲ್ಲಿ. ಆ ದಿನ ಡಾಕ್ಟರಮ್ಮ ಬೆಳಿಗ್ಗೆಯೇ ಹೊರಟರು. "ಸಿಸ್ಟರ್ ಮಾತಾಡುವುದು ಮೂರಕ್ಕೆ. ಎರಡೂವರೆಗೆ ಅಲ್ಲಿರಿ. ಸೋದರ್ತೆಲ್ಯ ಅಂತ ಬೋರ್ಡ್ ಇದ್ದ ಟ್ರೈನ್ ಮಾತ್ರ ಹತ್ತಿ," ಎಂದರು.

"ಜನರನ್ನು ಬಸ್ಸಿಗೆ ಹತ್ತಿಸಿಯೇ ತಲೆ ನರೆತವ ನಾನು ಡಾಕ್ಟ್ರೇ," ಎಂದೆ. ಅವರು ನಗಲಿಲ್ಲ.

ಅಕ್ಕನಿಗೆ ಅವರ ಜೊತೆಗೇ ಹೋಗಬೇಕೆಂದಿತ್ತು. ನಾನು ಬಿಡಲಿಲ್ಲ. ಹಳೇ ಪೇಟೆಗೆ ಕರೆದುಕೊಂಡು ಹೋದೆ. ಕಲ್ಲು ಹಾಸಿದ ಇಕ್ಕಟ್ಟು ಬೀದಿಗಳು, ಅರಮನೆಯ ಅಂಗಳದಲ್ಲಿ ಬ್ಯಾಂಡಿನೊಂದಿಗೆ ಕಾವಲುಗಾರರ ಪಾಳಿ ಬದಲಾಗುವುದು, ಎಲ್ಲ ನೋಡಿದೆವು. ಅಕ್ಕ ಒಂದು ಬಟ್ಟೆ ಚೀಲವನ್ನು ಎದೆಗೆ ಒತ್ತಿಕೊಂಡೇ ನಡೆದಳು. ಅದರಲ್ಲಿ ಕಟ್ಟಿ ತೋರಿಸಲಿಕ್ಕೆಂದು ತಂದ ಗೊಂಬೆ ಮತ್ತು ಹತ್ತಿ ಸೀರೆ ಇದ್ದವು.

"ಇನ್ನು ಹೋಗುವ ಮಾರಾಯ," ಎಂದಳು.

"ದೋಣಿಯಲ್ಲಿ ಒಂದು ಸುತ್ತು ಹೋಗಿ ಬರುವ."

"ಕಡಲ ಬದಿಯಲ್ಲೇ ಹುಟ್ಟಿದವನಿಗೆ ಇಲ್ಲಿ ಬಂದು ದೋಣಿ ನೋಡ್ಬೇಕಾ?"

"ಎಂತಕ್ಕೆ ಅವಸರ? ಭಾಷಣ ಮಾಡುವವಳು ನೀನೇ ಅಲ್ವಾ? ನೀನು ಬಾರದೆ ಅವರು ಶುರು ಮಾಡ್ತಾರಾ?"

ಹಾಗೆ ನಾನು ನಿಜಕ್ಕೂ ನಂಬಿದ್ದೆ. ನಮ್ಮ ಕಡೆ ಮೂರು ಗಂಟೆ ಎಂದರೆ ನಾಲ್ಕು. ಅತಿಥಿ ಬರುವ ತನಕ ಯಾರಾದರೂ ಮೈಕ್ ತಟ್ಟಿ ನೋಡುತ್ತಾರೆ, ಮಕ್ಕಳಿಂದ ಇನ್ನೊಂದು ಪ್ರಾರ್ಥನೆ ಹಾಡಿಸುತ್ತಾರೆ. ತಡವಾಗಿ ಬಂದವನಿಗೇ ದೊಡ್ಡ ಹಾರ.

ದೋಣಿಯಿಂದ ಇಳಿದು ಸ್ಟೇಷನ್ ತಲುಪಿದಾಗ ಒಂದು ಟ್ರೈನ್ ಬಾಗಿಲು ತೆರೆದು ನಿಂತಿತ್ತು. "ಹೆಸರು ಬೇರೆ ಉಂಟಲ್ಲ," ಎಂದಳು ಅಕ್ಕ. "ದಕ್ಷಿಣಕ್ಕೇ ಹೋಗುವುದು, ದಾರಿಯಲ್ಲಿ ಸಿಗ್ತದೆ," ಎಂದು ಅವಳ ಕೈ ಹಿಡಿದು ಹತ್ತಿಸಿದೆ. ನಮ್ಮೂರಲ್ಲಿ ಹೆದ್ದಾರಿ ಒಂದೇ. ಮಂಗಳೂರಿನ ಕಡೆಗೆ ಹೊರಟ ಯಾವ ಬಸ್ಸು ಹತ್ತಿದರೂ ನಡುವಿನ ಊರುಗಳೆಲ್ಲ ಬಂದೇ ಬರುತ್ತವೆ. ಹಳಿ ಕವಲೊಡೆಯುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮನೆಗಳು ವಿರಳವಾಗಿ ಪೈನ್ ಮರಗಳು ಶುರುವಾದವು. ಎದುರಿಗಿದ್ದ ಹೆಂಗಸೊಬ್ಬಳನ್ನು ಕೇಳಿದೆ. ಅವಳು ಬಾಗಿಲ ಮೇಲಿನ ನಕ್ಷೆಯಲ್ಲಿ ಬೆರಳಿಟ್ಟು, ನಾವು ಆಗಲೇ ದಾಟಿದ್ದ ಒಂದು ಸ್ಟೇಷನ್ನಿನಲ್ಲಿ ದಾರಿ ಎರಡಾದದ್ದನ್ನು ತೋರಿಸಿದಳು.

ಮುಂದಿನ ಸ್ಟೇಷನ್ನಿನಲ್ಲಿ ಇಳಿದೆವು. ಹಿಂತಿರುಗುವ ಟ್ರೈನ್ ಕೂಡಲೇ ಇರಲಿಲ್ಲ. ಹೊರಗೆ ಓಡಿ ನೋಡಿದೆ, ಟ್ಯಾಕ್ಸಿ ಇರಲಿಲ್ಲ. ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹುಚ್ಚನ ಹಾಗೆ ಓಡಾಡಿದೆ, ಊರಿನ ದೈವಗಳಿಗೆಲ್ಲ ಹರಕೆ ಹೇಳಿಕೊಂಡೆ. ಅಕ್ಕ ಬೆಂಚಿನ ಮೇಲೆ ಕೂತು, ಗೊಂಬೆ ತೆಗೆದು, ಸೀರೆಯನ್ನು ಅದರ ಬೆನ್ನಿನ ಕೆಳಗೆ ತಂದು ಗಂಟು ಹಾಕಿದಳು. ಬಿಚ್ಚಿದಳು. ಮತ್ತೆ ಕಟ್ಟಿದಳು. ತುಟಿಗಳು ಅಲ್ಲಾಡುತ್ತಿದ್ದವು. ಅವಳು ಇನ್ನೂ ಅಭ್ಯಾಸ ಮಾಡುತ್ತಿದ್ದಳು. ನನ್ನನ್ನು ಒಂದು ಮಾತು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾವು ತಲುಪಿದಾಗ ಹಾಲ್‌ನ ಬಾಗಿಲು ತೆರೆದಿತ್ತು. ಜನ ಹೊರಗೆ ಕಾಫಿ ಕುಡಿಯುತ್ತ, ದಾಲ್ಚಿನ್ನಿ ಬನ್ ತಿನ್ನುತ್ತ ಮಾತಾಡುತ್ತಿದ್ದರು. ಮೂರಕ್ಕೆ ಸರಿಯಾಗಿ ಅಕ್ಕನ ಹೆಸರು ಕರೆದು, ಸ್ವಲ್ಪ ಕಾದು, ಮುಂದಿನವರನ್ನು ಕರೆದಿದ್ದರು. ಅವಳ ಹೊತ್ತು ಮುಗಿದಿತ್ತು.

ಡಾಕ್ಟರಮ್ಮ ನೇರ ನನ್ನ ಹತ್ತಿರ ಬಂದರು. "ಎಂತ ಆಯ್ತು?"

ಬಾಯಿಂದ ಬಂದದ್ದು ಇದು: "ಅಕ್ಕ ಹೆದರಿಬಿಟ್ಟಳು ಡಾಕ್ಟ್ರೇ. ಸ್ಟೇಷನ್ನಿನಲ್ಲೇ ಅಳುತ್ತಾ ಕೂತಳು. ನಾನು ಎಷ್ಟು ಹೇಳಿದರೂ ಏಳಲಿಲ್ಲ."

ಕನ್ನಡದಲ್ಲೇ ಹೇಳಿದೆ, ಅವಳ ಎದುರಿಗೇ. ಅಕ್ಕ ನನ್ನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ, "ಹೌದು ಮೇಡಂ, ತಪ್ಪಾಯ್ತು," ಎಂದಳು.

"ಇಷ್ಟು ದೂರ ಕರ್ಕೊಂಡು ಬಂದದ್ದು ದಂಡ ಆಯ್ತಲ್ಲ ಸಿಸ್ಟರ್," ಎಂದು ಡಾಕ್ಟರಮ್ಮ ಒಳಗೆ ಹೋದರು. ಮುಂದೆ ಎಲ್ಲಿಗೂ ಅವಳನ್ನು ಕರೆಯಲಿಲ್ಲ. ಗಂಟು ಹಾಕುವುದನ್ನು ಅವಳಿಂದ ಕಲಿತ ಬೇರೆಯವರು ಹೋದರು.

ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಮದುವೆ ಮನೆಗಳಲ್ಲಿ ಅದನ್ನೇ ತಮಾಷೆ ಮಾಡಿ ಹೇಳಿದೆ: "ವಿಮಾನದಲ್ಲಿ ಹೋಗಿ ಮೈಕಿಗೆ ಹೆದರಿ ಓಡಿದವಳು ನಮ್ಮಕ್ಕ." ಜನ ನಕ್ಕರು. ಬಡಿಸುತ್ತಿದ್ದ ಅವಳೂ ನಕ್ಕಳು. ಹೇಳಿ ಹೇಳಿ ನನಗೇ ಕೆಲವೊಮ್ಮೆ ನಿಜವೆನ್ನಿಸುತ್ತಿತ್ತು.

ಕಳೆದ ವರ್ಷ ನನ್ನ ಮೊಮ್ಮಗಳು ಶಾಲೆಯ ವೇದಿಕೆ ಹತ್ತುವುದಿಲ್ಲ ಎಂದು ಹಟ ಹಿಡಿದಳು. ಅಕ್ಕ ಅವಳ ಜಡೆ ಹೆಣೆಯುತ್ತ, "ಹೋಗು ಪುಟ್ಟಿ. ನಾನು ಒಂದು ಸಲ ಹೆದರಿದೆ, ಆಮೇಲೆ ಯಾರೂ ಕರೆಯಲಿಲ್ಲ," ಎಂದಳು. ನನ್ನ ಕಡೆ ನೋಡಲಿಲ್ಲ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನನ್ನ ಸುಳ್ಳನ್ನು ಕಾಪಾಡುತ್ತಿದ್ದಾಳೋ, ಅಥವಾ ಈ ವಯಸ್ಸಿನಲ್ಲಿ ಅದನ್ನೇ ನಂಬಿಬಿಟ್ಟಿದ್ದಾಳೋ ತಿಳಿಯಲಿಲ್ಲ. ನಂಬಿದ್ದರೆ, ನಾನು ಅವಳಿಂದ ಆ ಮಧ್ಯಾಹ್ನವನ್ನು ಮಾತ್ರವಲ್ಲ, ಅದರ ನೆನಪನ್ನೂ ಕಿತ್ತುಕೊಂಡೆ.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ನೀರು ಕೇಳಿದೆ. ಮಂಡಿ ನೋವಿನಲ್ಲೂ ಎದ್ದು ಹೋಗಿ ಲೋಟ ತುಂಬಿಸಿ ತಂದುಕೊಟ್ಟಳು, ನಾನು ಇಂದಿಗೂ ಕ್ಷಮೆ ಕೇಳದ ನನ್ನ ಅಕ್ಕ.